ಗರಗರ ಸದ್ದನ್ನು ಗೆದ್ದು ಬಾಳಿನಲ್ಲಿ ಸೋತ ಎಫ್‌ಎಂ ಜನಕ ಆರ್ಮ್‌ಸ್ಟ್ರಾಂಗ್

ಕಬನೂರ: ಇಚಲಕರಂಜಿ ಸೀಮೆಯ ಹಳೆಯ ಕನ್ನಡ ಕೇಳುಗರಿಗೆ ಧಾರವಾಡ ಆಕಾಶವಾಣಿಯ ನೆನಪು ಇದ್ದೇ ಇರುತ್ತದೆ. 765 ಕಿಲೋಹರ್ಟ್ಸ್ ಮಧ್ಯಮ ತರಂಗದಲ್ಲಿ ಹಾಡು ಕೇಳುತ್ತ ಕೂತಾಗ ಎಲ್ಲೋ ದೂರದಲ್ಲಿ ಮಿಂಚು ಹೊಡೆದರೂ ಸಾಕು, ರೇಡಿಯೋದಲ್ಲಿ ಚಟಪಟ ಸದ್ದು. ಪಕ್ಕದ ಮನೆಯಲ್ಲಿ ಮಗ್ಗದ ಸ್ವಿಚ್ ಹಾಕಿದರೆ ಗರಗರ. ಅದೇ ಮಳೆಯಲ್ಲಿ ಕೊಲ್ಹಾಪುರ ಆಕಾಶವಾಣಿಯ 102.7 ಎಫ್‌ಎಂ ಹಚ್ಚಿದರೆ ಹಾಡು ತಿಳಿನೀರಿನಂತೆ ಬರುತ್ತದೆ. ಪೊಲೀಸರ ವಾಕಿಟಾಕಿ, ಹ್ಯಾಮ್‌ಗಳ ಕೈಸೆಟ್ಟು, ಸಿಟಿಜನ್ಸ್ ಬ್ಯಾಂಡ್ ರೇಡಿಯೋ ಇವೆಲ್ಲ ಇಂದು ಎಫ್‌ಎಂ ಬಳಸುತ್ತಿದ್ದರೆ ಅದಕ್ಕೆ ಕಾರಣ ಒಬ್ಬ ಮನುಷ್ಯನ ಹಠ. ಅವರೇ ಎಡ್ವಿನ್ ಹೊವಾರ್ಡ್ ಆರ್ಮ್‌ಸ್ಟ್ರಾಂಗ್. ಅವರ ಬದುಕಿನ ಕಥೆ ಮಾತ್ರ ಅಷ್ಟು ತಿಳಿಯಾಗಿಲ್ಲ.

ಅಂಗಳದ ಕಂಬ

ಆರ್ಮ್‌ಸ್ಟ್ರಾಂಗ್ ಹುಟ್ಟಿದ್ದು 1890ರ ಡಿಸೆಂಬರ್ 18ರಂದು, ನ್ಯೂಯಾರ್ಕಿನಲ್ಲಿ. ತಂದೆ ಪುಸ್ತಕ ಪ್ರಕಾಶನ ಸಂಸ್ಥೆಯಲ್ಲಿ ಕೆಲಸಕ್ಕಿದ್ದರು, ತಾಯಿ ಶಾಲಾ ಶಿಕ್ಷಕಿ. ಚಿಕ್ಕಂದಿನಲ್ಲಿ ಬಂದ ಕಾಯಿಲೆಯಿಂದ ಹುಡುಗ ಎರಡು ವರ್ಷ ಮನೆಯಲ್ಲೇ ಪಾಠ ಕಲಿಯಬೇಕಾಯಿತು. ಆಮೇಲೆ ತಂತಿಯಿಲ್ಲದ ತಂತಿಯ ಹುಚ್ಚು ಹಿಡಿಯಿತು. ಯಾಂಕರ್ಸ್ ಊರಿನ ಮನೆಯಂಗಳದಲ್ಲಿ ತಾನೇ 125 ಅಡಿ ಎತ್ತರದ ಏರಿಯಲ್ ಕಂಬ ನಿಲ್ಲಿಸಿ, ಹಗ್ಗದ ಕುರ್ಚಿಯಲ್ಲಿ ಕೂತು ಅದರ ತುದಿಗೆ ಏರುತ್ತಿದ್ದ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಆತ ಅಪ್ಪಟ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋದವನು.

ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗಲೇ, 1912ರಲ್ಲಿ, ದುರ್ಬಲ ಸಂಕೇತವನ್ನು ನೂರಾರು ಪಟ್ಟು ಹಿಗ್ಗಿಸುವ ಮರುಪೂರಣ ಸರ್ಕ್ಯೂಟನ್ನು ಅವರು ಕಂಡುಹಿಡಿದರು. ಪೇಟೆಂಟಿಗೆ ತಕ್ಷಣ ದುಡ್ಡು ಸಿಗಲಿಲ್ಲ. ಹಾಗಾಗಿ ನಕ್ಷೆ ಬರೆದು 1913ರ ಜನವರಿ 31ರಂದು ನೋಟರಿಯ ಮೊಹರು ಹಾಕಿಸಿಕೊಂಡರು. ಮೊದಲ ಮಹಾಯುದ್ಧದಲ್ಲಿ ಸೇನೆಯ ಸಿಗ್ನಲ್ ದಳದ ಅಧಿಕಾರಿಯಾಗಿ ಪ್ಯಾರಿಸ್ಸಿಗೆ ಹೋದಾಗ, 1918ರಲ್ಲಿ, ಸೂಪರ್‌ಹೆಟರೊಡೈನ್ ಎಂಬ ರಿಸೀವರ್ ರಚಿಸಿದರು. ನಮ್ಮ ಅಜ್ಜಂದಿರ ವಾಲ್ವ್ ರೇಡಿಯೋದಿಂದ ಹಿಡಿದು ಟ್ರಾನ್ಸಿಸ್ಟರ್ ಸೆಟ್ಟಿನ ತನಕ ನಡೆದುಬಂದದ್ದು ಇದೇ ಪದ್ಧತಿ.

ಆರ್‌ಸಿಎ ಎಂಬ ದೊಡ್ಡ ಕಂಪನಿ 1922ರಲ್ಲಿ ಅವರ ಇನ್ನೊಂದು ಆವಿಷ್ಕಾರ ಕೊಂಡಿತು. ಅದಕ್ಕೆ ಬಂದ ಷೇರುಗಳಿಂದ ಅವರು ಶ್ರೀಮಂತರಾದರು. ಮುಂದೆ ಕಂಪನಿಯ ಮುಖ್ಯಸ್ಥರಾದ ಡೇವಿಡ್ ಸಾರ್ನಾಫ್ ಅವರ ಸ್ನೇಹಿತ. ಸಾರ್ನಾಫ್ ಕಾರ್ಯದರ್ಶಿಯಾಗಿದ್ದ ಮರಿಯನ್ ಅವರನ್ನೇ 1923ರಲ್ಲಿ ಮದುವೆಯಾದರು.

ಗಣಿತ ಬೇಡವೆಂದದ್ದು

ಆಗಿನ ರೇಡಿಯೋ ಎಲ್ಲವೂ ಎಎಂ. ಅದರಲ್ಲಿ ಮಾತಿಗೆ ತಕ್ಕಂತೆ ತರಂಗದ ಬಲ ಏರಿಳಿಯುತ್ತದೆ. ಮಿಂಚು, ಮೋಟಾರಿನ ಕಿಡಿಗಳೂ ತರಂಗದ ಬಲವನ್ನೇ ಏರಿಳಿಸುವುದರಿಂದ, ಮಾತು ಯಾವುದು ಗದ್ದಲ ಯಾವುದು ಎಂದು ಸೆಟ್ಟಿಗೆ ತಿಳಿಯುವುದಿಲ್ಲ. ಎಫ್‌ಎಂನಲ್ಲಿ ಬಲ ಒಂದೇ ಸಮ ಇರುತ್ತದೆ, ಮಾತಿಗೆ ತಕ್ಕಂತೆ ಕಂಪನಾಂಕ ಮಾತ್ರ ಹಿಂದೆ ಮುಂದೆ ಸರಿಯುತ್ತದೆ. ಆದ್ದರಿಂದ ಬಲದ ಏರಿಳಿತವನ್ನೆಲ್ಲ ರಿಸೀವರ್ ಕತ್ತರಿಸಿ ಎಸೆಯಬಹುದು. ಗದ್ದಲ ಅದರ ಜೊತೆಗೇ ಹೋಗುತ್ತದೆ.

ಎಫ್‌ಎಂನಿಂದ ಲಾಭವಿಲ್ಲ ಎಂದು ಗಣಿತಜ್ಞ ಜಾನ್ ಕಾರ್ಸನ್ 1922ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಎಲ್ಲರೂ ಕಂಪನಾಂಕದ ಹಾದಿಯನ್ನು ಕಿರಿದು ಮಾಡಲು ನೋಡುತ್ತಿದ್ದರೆ, ಆರ್ಮ್‌ಸ್ಟ್ರಾಂಗ್ ಅದನ್ನು ಬೇಕೆಂದೇ ಅಗಲ ಮಾಡಿದರು. ಗದ್ದಲ ಬಿದ್ದುಹೋಯಿತು. 1933ರ ಡಿಸೆಂಬರ್ 26ರಂದು ಪೇಟೆಂಟುಗಳು ಬಂದವು.

1934ರಲ್ಲಿ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ಮೇಲೆ ಆರ್‌ಸಿಎ ಸಹಾಯದಿಂದ ಪರೀಕ್ಷೆ ನಡೆಯಿತು, ಗೆದ್ದಿತು. ಆದರೆ ಕಂಪನಿಗೆ ಬೇಕಾಗಿದ್ದದ್ದು ಟೆಲಿವಿಷನ್. ಎಎಂ ಕೇಂದ್ರಗಳಲ್ಲಿ ಹಾಕಿದ ಬಂಡವಾಳವೂ ಇತ್ತು. ಮರುವರ್ಷ ಆರ್ಮ್‌ಸ್ಟ್ರಾಂಗ್ ತಮ್ಮ ಸಲಕರಣೆ ಎತ್ತಿಕೊಂಡು ಹೊರಡಬೇಕಾಯಿತು.

ಹ್ಯಾಮ್ ಮನೆಯೇ ಆಸರೆ

ಆಗ ನೆರವಾದದ್ದು ಹಳೆಯ ಹವ್ಯಾಸಿ ಗೆಳೆತನ. ಯಾಂಕರ್ಸ್‌ನ ಗೆಳೆಯ ರನ್ಯನ್ ಮನೆಯಲ್ಲಿ ಡಬ್ಲ್ಯೂ2ಎಜಿ ಎಂಬ ಹ್ಯಾಮ್ ಕೇಂದ್ರವಿತ್ತು. 1935ರ ನವೆಂಬರ್ 5ರಂದು ನ್ಯೂಯಾರ್ಕಿನಲ್ಲಿ ರೇಡಿಯೋ ಎಂಜಿನಿಯರುಗಳ ಸಭೆ. ಆರ್ಮ್‌ಸ್ಟ್ರಾಂಗ್ ಪ್ರಬಂಧ ಓದಿ, ಸೆಟ್ಟು ಹಚ್ಚಿದರು. ದೂರದ ಆ ಮನೆಯಿಂದ 110 ಮೆಗಾಹರ್ಟ್ಸ್‌ನಲ್ಲಿ ಬಂದದ್ದು ಲೋಟಕ್ಕೆ ನೀರು ಸುರಿಯುವ ಸದ್ದು, ಕಾಗದ ಮುದುರುವ ಸದ್ದು, ಸಂಗೀತ. ಎಎಂನಲ್ಲಿ ಇಷ್ಟು ನವಿರಾದ ಸದ್ದು ಗದ್ದಲದಲ್ಲೇ ಮುಳುಗಿಹೋಗುತ್ತಿತ್ತು. ಎಫ್‌ಎಂ ಲೋಕದೆದುರು ಮೊದಲು ನಿಂತದ್ದು ಯಾವ ಕಂಪನಿಯ ಗೋಪುರದ ಮೇಲೂ ಅಲ್ಲ, ಒಬ್ಬ ಹವ್ಯಾಸಿಯ ಮನೆಯಲ್ಲಿ ಎಂಬುದನ್ನು ಗಮನಿಸಬೇಕು.

ಅಂದಹಾಗೆ ಅದೇ 1935ರಲ್ಲಿ ನಮ್ಮ ಮೈಸೂರಿನಲ್ಲೂ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ ವಿಠ್ಠಲ ವಿಹಾರದಿಂದ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಪ್ರಸಾರ ಶುರು ಮಾಡಿದ್ದರು. ಅದು ಎಎಂ. ಆಕಾಶವಾಣಿ ಎಂಬ ಹೆಸರು ಬೆಳೆದದ್ದು ಆ ಕೇಂದ್ರದಿಂದ.

ಗೆದ್ದರೂ ಸೋಲು

ಮುಂದೆ ಆರ್ಮ್‌ಸ್ಟ್ರಾಂಗ್ ಸ್ವಂತ ಹಣ ಸುರಿದು ನ್ಯೂಜೆರ್ಸಿಯ ಆಲ್ಪೈನ್‌ನಲ್ಲಿ 400 ಅಡಿಗೂ ಎತ್ತರದ ಗೋಪುರ ಕಟ್ಟಿ, 1939ರಲ್ಲಿ ಎಫ್‌ಎಂ ಪ್ರಸಾರ ನಡೆಸಿದರು. ಒಂದೇ ಕಂತಿನಲ್ಲಿ ಹಣ ಕೊಟ್ಟು ಪೇಟೆಂಟ್ ಬಳಸುತ್ತೇವೆ ಎಂದು ಆರ್‌ಸಿಎ ಕೇಳಿತು. ಬೇರೆ ಕಂಪನಿಗಳು ರಾಯಲ್ಟಿ ಕೊಡುತ್ತಿರುವಾಗ ಇವರಿಗೆ ಮಾತ್ರ ರಿಯಾಯಿತಿ ಯಾಕೆ ಎಂದು ಅವರು ಒಪ್ಪಲಿಲ್ಲ. ಎರಡನೇ ಮಹಾಯುದ್ಧ ಬಂದಾಗ ಮಾತ್ರ ತಮ್ಮ ಪೇಟೆಂಟುಗಳನ್ನು ಅಮೆರಿಕದ ಸೇನೆಗೆ ಪುಕ್ಕಟೆ ಬಿಟ್ಟುಕೊಟ್ಟರು. ಸೇನೆಯ ಟ್ಯಾಂಕುಗಳು ಎಂಜಿನ್ ಗದ್ದಲದ ನಡುವೆಯೂ ಮಾತಾಡಿದ್ದು ಎಫ್‌ಎಂನಲ್ಲಿ.

ಆದರೆ 1945ರಲ್ಲಿ ಅಮೆರಿಕ ಸರ್ಕಾರ ಎಫ್‌ಎಂ ಪ್ರಸಾರವನ್ನು 42-50 ಮೆಗಾಹರ್ಟ್ಸ್‌ನಿಂದ ಎತ್ತಿ ಮೇಲಿನ ಪಟ್ಟಿಗೆ ಹಾಕಿತು. ಜನ ಕೊಂಡಿದ್ದ ಲಕ್ಷಾಂತರ ಸೆಟ್ಟುಗಳು ಒಂದೇ ಆದೇಶಕ್ಕೆ ಮೂಲೆ ಸೇರಿದವು. ಟೆಲಿವಿಷನ್ನಿನ ಧ್ವನಿಗೂ ಎಫ್‌ಎಂ ಬಂತು, ಆರ್‌ಸಿಎಯಿಂದ ರಾಯಲ್ಟಿ ಬರಲಿಲ್ಲ. 1948ರಲ್ಲಿ ಅವರು ಆರ್‌ಸಿಎ ವಿರುದ್ಧ ಕೋರ್ಟಿಗೆ ಹೋದರು. ಹೇಳಿಕೆಗಳು ವರ್ಷಗಟ್ಟಲೆ ಎಳೆದವು. ಪೇಟೆಂಟಿನ ಅವಧಿ ಮುಗಿಯಿತು, ಹಣ ಕರಗಿತು, ಸಿಟ್ಟು ಮನೆಯೊಳಗೂ ಬಂತು. 1953ರ ಕೊನೆಯಲ್ಲಿ ಜಗಳ ಕೈಮೀರಿ ಅವರು ಮರಿಯನ್ ಮೇಲೆ ಕೈಮಾಡಿದರು. ಆಕೆ ಸಹೋದರಿಯ ಮನೆಗೆ ಹೊರಟುಹೋದರು. 1954ರ ಜನವರಿ 31ರ ರಾತ್ರಿ, ಹೆಂಡತಿಗೆ ಪತ್ರ ಬರೆದಿಟ್ಟು, ಆರ್ಮ್‌ಸ್ಟ್ರಾಂಗ್ ಪ್ರಾಣ ಕಳೆದುಕೊಂಡರು. ಮೊದಲ ಆವಿಷ್ಕಾರಕ್ಕೆ ನೋಟರಿ ಮೊಹರು ಬಿದ್ದ ಅದೇ ತಾರೀಖು. ವಯಸ್ಸು 63.

ಮರಿಯನ್ ಸುಮ್ಮನೆ ಕೂಡಲಿಲ್ಲ. ಅದೇ ವರ್ಷ ಆರ್‌ಸಿಎ ಜೊತೆ ಸುಮಾರು 10 ಲಕ್ಷ ಡಾಲರಿಗೆ ರಾಜಿಯಾಯಿತು. ಉಳಿದ ಕಂಪನಿಗಳ ಮೇಲಿನ ದಾವೆಗಳನ್ನು ಒಂದೊಂದಾಗಿ ಗೆಲ್ಲುತ್ತ ಹೋದರು. ಕೊನೆಯ ಗೆಲುವು 1967ರಲ್ಲಿ, ಗಂಡ ಹೋಗಿ 13 ವರ್ಷದ ಮೇಲೆ.

ಇಂದು ಎಲ್ಲೆಲ್ಲಿ?

ಭಾರತದಲ್ಲಿ ಎಫ್‌ಎಂ ಪ್ರಸಾರ ಮೊದಲು ಬಂದದ್ದು 1977ರಲ್ಲಿ, ಮದ್ರಾಸಿಗೆ. 2001ರಲ್ಲಿ ಬೆಂಗಳೂರಿಗೆ ದೇಶದ ಮೊದಲ ಖಾಸಗಿ ಎಫ್‌ಎಂ ಬಂತು. ಹ್ಯಾಮ್‌ಗಳು 144-146 ಮೆಗಾಹರ್ಟ್ಸ್‌ನಲ್ಲಿ ಕಿರಿದಾದ ಎಫ್‌ಎಂ ಬಳಸುತ್ತಾರೆ. ಪ್ರಸಾರದ ಎಫ್‌ಎಂನಲ್ಲಿ ಕಂಪನಾಂಕ 75 ಕಿಲೋಹರ್ಟ್ಸ್ ತನಕ ಸರಿದರೆ, ಇಲ್ಲಿ ಸರಿಯುವುದು ಸುಮಾರು 5 ಕಿಲೋಹರ್ಟ್ಸ್ ಅಷ್ಟೇ. ಬ್ರಿಟನ್ 1981ರಲ್ಲಿ ಸಿಟಿಜನ್ಸ್ ಬ್ಯಾಂಡಿಗೆ ಒಪ್ಪಿಗೆ ಕೊಟ್ಟಾಗ ಎಫ್‌ಎಂಗೆ ಮಾತ್ರ ಕೊಟ್ಟಿತು. ಆರ್ಮ್‌ಸ್ಟ್ರಾಂಗ್ ಅವರ ಅಮೆರಿಕ ತನ್ನ ಸಿಟಿಜನ್ಸ್ ಬ್ಯಾಂಡಿನಲ್ಲಿ ಎಫ್‌ಎಂ ಒಪ್ಪಿದ್ದು 2021ರಲ್ಲಿ! ಭಾರತ 2005ರ ನಿಯಮದಲ್ಲಿ 27 ಮೆಗಾಹರ್ಟ್ಸ್ ಆಸುಪಾಸಿನ ಈ ಬ್ಯಾಂಡಿನ ಕಡಿಮೆ ಬಲದ ಸೆಟ್ಟುಗಳಿಗೆ ಲೈಸೆನ್ಸ್ ಬೇಡವೆಂದಿತು. ಹ್ಯಾಮ್ ಆಗಲು ಮಾತ್ರ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆಯಲೇಬೇಕು.

ಎಫ್‌ಎಂ ಎಲ್ಲದಕ್ಕೂ ಮದ್ದಲ್ಲ. ಒಂದೇ ಕಂಪನಾಂಕದಲ್ಲಿ ಇಬ್ಬರು ಮಾತಾಡಿದರೆ ಬಲವಾದ ದನಿ ಕ್ಷೀಣ ದನಿಯನ್ನು ನುಂಗಿಬಿಡುತ್ತದೆ. ಇಬ್ಬರೂ ಕರೆಯುತ್ತಿದ್ದಾರೆ ಎಂಬುದಾದರೂ ತಿಳಿಯಲಿ ಎಂದು ವಿಮಾನದವರು ಇಂದಿಗೂ ಎಎಂ ಬಿಟ್ಟಿಲ್ಲ. ಕ್ಷೀಣ ದನಿ ಬಲಶಾಲಿಯ ಕೆಳಗೆ ಅಡಗಿಹೋಗುವುದು ಎಂದರೇನು ಎಂಬುದು ಆರ್ಮ್‌ಸ್ಟ್ರಾಂಗ್ ಅವರಿಗಿಂತ ಚೆನ್ನಾಗಿ ಯಾರಿಗೂ ತಿಳಿದಿರಲಿಕ್ಕಿಲ್ಲ. ಆದರೂ ಕೈಸೆಟ್ಟಿನ ಗುಂಡಿ ಒತ್ತಿ ಮಾತಾಡುವ ಪ್ರತಿ ಹ್ಯಾಮ್ ಇವತ್ತಿಗೂ ಅವರ ಸಾಲಗಾರನೇ.