ಕಹಾಲ್ ಮಹಾಶಯರೂ ಅವರ ಹೆಸರಿನ ಜೀವಕಣಗಳೂ

ಪಿತ್ತಕೋಶದಲ್ಲಿ ಕಲ್ಲಾಯಿತೆಂದು ವೈದ್ಯರ ಬಾಗಿಲು ಕಾಯುವವರು ನಮ್ಮ ವಾಚಕರಲ್ಲಿಯೂ ಅನೇಕರಿರಬಹುದು. ವರ್ಷಗಟ್ಟಲೆ ತುಪ್ಪದ ದೋಸೆಯನ್ನು ಮಾರಿದ ನಮಗೆ ಆ ಅಂಗದ ವಿಷಯದಲ್ಲಿ ಸ್ವಲ್ಪ ದಾಕ್ಷಿಣ್ಯವುಂಟು. ಜಿಡ್ಡಿನ ಆಹಾರ ಇಳಿದೊಡನೆ ಪಿತ್ತವನ್ನು ಹಿಂಡಿ, ನಾಳದ ಮೂಲಕ ಕರುಳಿಗೆ ಕಳುಹಿಸುವುದು ಅದರ ಕೆಲಸ. ಈ ಕೋಶದ ಮತ್ತು ನಾಳಗಳ ಗೋಡೆಯಲ್ಲಿ, ಸ್ನಾಯುಗಳ ನಡುವೆ, ಕವಲು ಕವಲಾದ ಅತಿ ಸೂಕ್ಷ್ಮ ಜೀವಕಣಗಳಿವೆ. ಅವು ಕಹಾಲ್ ಎಂಬ ಸ್ಪೇಯ್ನ್ ದೇಶದ ಮಹಾಪುರುಷರ ಹೆಸರನ್ನು ಹೊತ್ತಿವೆ. ಅವರ ಚರಿತ್ರೆಯನ್ನು ವಾಚಕರ ಮುಂದಿಡಲು ಬಯಸುತ್ತೇವೆ.

ಸಾಂತಿಯಾಗೋ ರಾಮೋನ್ ಇ ಕಹಾಲ್ ಅವರು 1852ನೆಯ ಇಸವಿ ಮೇ 1ರಂದು ಪೆತಿಲ್ಯಾ ಎಂಬ ಬೆಟ್ಟದ ಹಳ್ಳಿಯಲ್ಲಿ ಜನಿಸಿದರು. ತಂದೆ ಹಳ್ಳಿಯ ಶಸ್ತ್ರವೈದ್ಯರು, ಮಹಾ ಹಟವಾದಿಗಳು. ಮಗನಿಗೋ ಚಿತ್ರ ಬರೆಯುವ ಹುಚ್ಚು. ಚಿತ್ರಕಲೆಯಿಂದ ಹೊಟ್ಟೆ ತುಂಬದೆಂದು ತಂದೆ ಕುಂಚವನ್ನು ಕಿತ್ತುಕೊಂಡರು. ಹುಡುಗನು ಹನ್ನೊಂದನೆಯ ವಯಸ್ಸಿನಲ್ಲಿ ಸ್ವತಃ ಮಾಡಿದ ಫಿರಂಗಿಯಿಂದ ನೆರೆಯವರ ಬಾಗಿಲನ್ನು ಹಾರಿಸಿ ಕೆಲವು ದಿನ ಸೆರೆವಾಸವನ್ನೂ ಕಂಡನು. ಕ್ಷೌರಿಕನ ಬಳಿಯೂ ಚಮ್ಮಾರನ ಬಳಿಯೂ ಕೆಲಸ ಕಲಿಯಲು ಅವನನ್ನು ಬಿಟ್ಟುದಾಯಿತು. ಕಡೆಗೆ 1868ರಲ್ಲಿ ತಂದೆಯವರು ಹಳೆಯ ಸ್ಮಶಾನಕ್ಕೆ ಕರೆದೊಯ್ದು, ಅಲ್ಲಿ ಸಿಕ್ಕ ಎಲುಬುಗಳನ್ನು ಮುಂದಿಟ್ಟು ಶರೀರಶಾಸ್ತ್ರವನ್ನು ಹೇಳಿಕೊಟ್ಟರು. ಎಲುಬುಗಳ ಚಿತ್ರ ಬರೆಯುತ್ತ ಬರೆಯುತ್ತ ಮಗನಿಗೆ ವಿದ್ಯೆಯ ರುಚಿ ಹತ್ತಿತು. ಮುಂದೆ ಅದೇ ಕೈಯ ಚಿತ್ರಗಳೇ ಲೋಕಪ್ರಸಿದ್ಧವಾದವು.

1873ರಲ್ಲಿ ಸರಗೋಸಾದಲ್ಲಿ ವೈದ್ಯಪದವಿಯಾಯಿತು. ಸೈನ್ಯದ ವೈದ್ಯರಾಗಿ ಕ್ಯೂಬಾ ದ್ವೀಪಕ್ಕೆ ಹೋಗಿ, ಮಲೇರಿಯಾ ಹಿಡಿದು, ಮೈಯೆಲ್ಲ ಒಣಗಿ 1875ರಲ್ಲಿ ಮರಳಿದರು. ಅಲ್ಲಿ ಉಳಿಸಿದ ಹಣದಿಂದ ಒಂದು ಸೂಕ್ಷ್ಮದರ್ಶಕವನ್ನು ಕೊಂಡರು. 1885ರಲ್ಲಿ ಕಾಲರಾ ರೋಗದ ಮೇಲೆ ಮಾಡಿದ ಕೆಲಸಕ್ಕಾಗಿ ಸರಗೋಸಾ ಪ್ರಾಂತದ ಆಡಳಿತವು ಉತ್ತಮವಾದೊಂದು ಜರ್ಮನ್ ಯಂತ್ರವನ್ನು ಬಹುಮಾನವಾಗಿ ಕೊಟ್ಟಿತು.

ಇಟಲಿಯ ಗೊಲ್ಜಿ ಎಂಬ ಪಂಡಿತರು 1873ರಲ್ಲಿ ಬೆಳ್ಳಿಯ ಲವಣದಿಂದ ಜ್ಞಾನತಂತುಗಳನ್ನು ಕಪ್ಪಾಗಿಸುವ ವಿಧಾನವನ್ನು ಕಂಡುಹಿಡಿದಿದ್ದರು. ಒಂದು ಹಂಡೆ ಶಾವಿಗೆಯಲ್ಲಿ ನಾಲ್ಕೇ ಎಳೆಗಳಿಗೆ ಮಸಿ ಬಳಿದಂತೆ, ಕೆಲವೇ ಕಣಗಳು ತುದಿಯಿಂದ ತುದಿಗೆ ಕಾಣುವುವು. 1887ರಲ್ಲಿ ಇದನ್ನು ನೋಡಿದ ಕಹಾಲ್ ಅವರು ವಿಧಾನವನ್ನು ತಿದ್ದಿ, ಮೊಟ್ಟೆಯೊಳಗಿನ ಮರಿಗಳ ಮೆದುಳಿನಲ್ಲಿ ಪ್ರಯೋಗಿಸಿದರು. ಮೆದುಳೆಲ್ಲ ಕಡಿಯದ ಒಂದೇ ಬಲೆಯೆಂದು ಗೊಲ್ಜಿಯವರ ಮತ. ಪ್ರತಿಯೊಂದು ಕಣವೂ ಬೇರೆ ಬೇರೆ, ಅವು ತಾಗುತ್ತವೆಯೇ ಹೊರತು ಬೆರೆಯುವುದಿಲ್ಲವೆಂದು ಕಹಾಲರಿಗೆ ಕಂಡಿತು.

ಕಂಡುದನ್ನು ಅಚ್ಚು ಮಾಡುವವರಾರು? 1888ರ ಮೇ ತಿಂಗಳಲ್ಲಿ ಅವರು ತಮ್ಮ ಸ್ವಂತ ಖರ್ಚಿನಿಂದಲೇ ಒಂದು ಪತ್ರಿಕೆಯನ್ನು ಹೊರಡಿಸಿದರು. ಅಚ್ಚಾದುದು 60 ಪ್ರತಿ! ಬರೆಹವೆಲ್ಲ ಅವರದೇ, ಚಿತ್ರಗಳೂ ಅವರವೇ. ಮನೆಯಲ್ಲಿ ಮಕ್ಕಳ ಸಾಲು, ಸಂಬಳ ಅಲ್ಪ. ಪತ್ನಿ ಸಿಲ್ವೇರಿಯಾ ಅವರು ಸಂಸಾರವನ್ನು ಹೇಗೆ ನಡೆಸಿದರೋ! ಅಚ್ಚುಕೂಟದ ಬಿಲ್ಲು ಏನೆಂಬುದನ್ನು ಬಲ್ಲ ನಮಗೆ ಆ ತಾಯಿಯ ಮೇಲೆಯೇ ಹೆಚ್ಚು ಗೌರವ. ಆದರೆ ಸ್ಪ್ಯಾನಿಷ್ ಭಾಷೆಯನ್ನು ಯೂರೋಪಿನ ಪಂಡಿತರು ಓದುತ್ತಿರಲಿಲ್ಲ. ಪರಸ್ಥಳದಲ್ಲಿ ಕನ್ನಡ ಪತ್ರಿಕೆ ನಡೆಸುವವರಿಗೆ ಈ ಸಂಕಟವನ್ನು ವಿವರಿಸಬೇಕಾಗಿಲ್ಲ. 1889ರಲ್ಲಿ ಕಹಾಲ್ ಅವರು ತಮ್ಮ ಗಾಜಿನ ಫಲಕಗಳನ್ನು ಹೊತ್ತು ಬರ್ಲಿನ್ನಿನ ಸಭೆಗೆ ತಾವೇ ಹೋದರು. ಒಬ್ಬೊಬ್ಬರನ್ನಾಗಿ ಕರೆದು ಯಂತ್ರದಲ್ಲಿ ಇಣುಕಿಸಿದರು. ವೃದ್ಧ ಪಂಡಿತ ಕೆಲಿಕರ್ ಅವರು ನೋಡಿ ಬೆರಗಾದರು. ಅಂದಿನಿಂದ ಅವರ ಕೀರ್ತಿ ಹಬ್ಬಿತು. 1906ರಲ್ಲಿ ನೊಬೆಲ್ ಬಹುಮಾನ ಬಂದಾಗ ಅದನ್ನು ಹಂಚಿಕೊಂಡವರು ಅದೇ ಗೊಲ್ಜಿಯವರು! ತಮ್ಮ ಉಪನ್ಯಾಸದಲ್ಲಿಯೂ ಅವರು ಕಹಾಲರ ಮತವನ್ನು ಖಂಡಿಸಿದರು. ಕಾಲವು ಕಹಾಲರ ಪಕ್ಷವನ್ನೇ ಎತ್ತಿಹಿಡಿಯಿತು. ಅವರು 1934ರ ಅಕ್ಟೋಬರ್ 17ರಂದು ಮಾಡ್ರಿಡ್ ನಗರದಲ್ಲಿ ಕಾಲವಾದರು.

ಇನ್ನು ಆ ಚಿಕ್ಕ ಕಣಗಳ ಮಾತು. 1890ರ ಆಚೀಚೆ ಕರುಳಿನ ಗೋಡೆಯಲ್ಲಿ ಅವನ್ನು ಕಂಡ ಕಹಾಲ್ ಅವರು ಒಂದು ಬಗೆಯ ಸರಳ ಜ್ಞಾನತಂತು ಕಣಗಳೆಂದೇ ಎಣಿಸಿದ್ದರು. ಈ ಎಣಿಕೆ ಮಾತ್ರ ನಿಲ್ಲಲಿಲ್ಲ. 1982ರಲ್ಲಿ ಡೆನ್ಮಾರ್ಕಿನ ಥೂನೆಬರ್ಗ್ ಅವರು, ಕರುಳಿನ ಚಲನೆಗೆ ಲಯ ಕೊಡುವವು ಇವೇ ಎಂದು ಸೂಚಿಸಿದರು. 1995ರಲ್ಲಿ ಇಲಿಗಳ ಪ್ರಯೋಗದಿಂದ ಅದಕ್ಕೆ ಬಲ ಬಂತು. ಕರುಳಿನಲ್ಲಿ ಈ ಕಣಗಳು ಬೆಳೆಯದ ಇಲಿಗಳಲ್ಲಿ ಆ ಲಯದ ವಿದ್ಯುದಲೆಯೂ ಇರಲಿಲ್ಲ. ಯಕ್ಷಗಾನದಲ್ಲಿ ಭಾಗವತರ ಜಾಗಟೆ ನಿಂತರೆ ವೇಷಗಳ ಹೆಜ್ಜೆ ಏನಾಗುವುದೆಂದು ನಮ್ಮ ಕರಾವಳಿಯ ವಾಚಕರು ಬಲ್ಲರು.

2006ರ ಸುಮಾರಿಗೆ ಇಲಿಯಂಥ ಪ್ರಾಣಿಗಳ ಪಿತ್ತಕೋಶದಲ್ಲಿಯೂ, 2007ರಲ್ಲಿ ರುಮೇನಿಯದ ಪಂಡಿತರಿಗೆ ಮನುಷ್ಯನ ಪಿತ್ತಕೋಶದಲ್ಲಿಯೂ, ಬಳಿಕ ಪಿತ್ತನಾಳಗಳಲ್ಲಿಯೂ ಇಂತಹ ಕಣಗಳು ಕಾಣಸಿಕ್ಕವು. ಕಲ್ಲಾದವರ ಪಿತ್ತಕೋಶದಲ್ಲಿ ಇವುಗಳ ಸಂಖ್ಯೆ ಕಡಿಮೆಯೆಂದು ಪೋಲೆಂಡಿನ ವೈದ್ಯರು ತೋರಿಸಿದ್ದಾರೆ. ಕಣಗಳು ಕುಗ್ಗಿದುದರಿಂದ ಕೋಶವು ಸರಿಯಾಗಿ ಹಿಂಡದೆ, ಪಿತ್ತ ನಿಂತು ಕಲ್ಲಾಯಿತೋ, ಕೊಲೆಸ್ಟರಾಲ್ ತುಂಬಿದ ಕೆಟ್ಟ ಪಿತ್ತವೇ ಕಣಗಳನ್ನು ಕೊಂದಿತೋ ಎಂಬುದು ಇನ್ನೂ ವಿದ್ವಾಂಸರ ಚರ್ಚೆಯಲ್ಲಿದೆ.