ಎರಡು ದೋಣಿಯ ಪಯಣಿಗ

ಎರಡು ದೋಣಿಗಳಲ್ಲಿ ಕಾಲಿಟ್ಟವನಿಗೆ ದಡವಿಲ್ಲವೆಂಬುದು ನಮ್ಮ ಹಿರಿಯರ ತೀರ್ಮಾನ. ಅಮೆರಿಕದ ಲಿಂಡನ್ ಜಾನ್ಸನ್ನರು 1960ರ ನವೆಂಬರ್ 8ರಂದು ಹಾಗೆ ಕಾಲಿಟ್ಟೂ ದಡ ಮುಟ್ಟಿದರು. ಅಂದು ಟೆಕ್ಸಸ್ ರಾಜ್ಯದ ಮತದಾರರ ಮುಂದೆ ಅವರು ಉಪಾಧ್ಯಕ್ಷ ಪದವಿಗೂ ಅಭ್ಯರ್ಥಿ, ಸೆನೆಟ್ ಸದಸ್ಯತ್ವಕ್ಕೂ ಅಭ್ಯರ್ಥಿ.

ಇದನ್ನು ಬರಿಯ ದುರಾಸೆಯೆನ್ನಲು ನನ್ನ ಮನಸ್ಸು ಒಪ್ಪದು. 1908ರಲ್ಲಿ ಪೆಡರ್ನಾಲೆಸ್ ನದಿಯ ಬಳಿ ಹುಟ್ಟಿದ ಆ ಬಾಲಕನು, ಶಾಸಕನಾಗಿದ್ದ ತಂದೆ ಬೇಸಾಯದಲ್ಲಿ ಕೈಸುಟ್ಟುಕೊಂಡು ಸಾಲದಲ್ಲಿ ಮುಳುಗಿದುದನ್ನು ಕಣ್ಣಾರೆ ಕಂಡವನು. ಕಾಲೇಜು ಓದಿನ ನಡುವೆ, 1928ರಲ್ಲಿ, ಕೊಟುಲಾ ಎಂಬ ಊರಿನಲ್ಲಿ ಮೆಕ್ಸಿಕನ್ ಮೂಲದ ಬಡಮಕ್ಕಳಿಗೆ ಪಾಠ ಹೇಳಿದನು. (ನಾನೂ ಮೇಷ್ಟರ ಕುಲದವನಾದ್ದರಿಂದ ಇಲ್ಲಿ ತುಸು ಪಕ್ಷಪಾತಿ.) 1937ರಲ್ಲಿ ಪ್ರತಿನಿಧಿ ಸಭೆಗೆ ಆಯ್ಕೆ. 1941ರ ಸೆನೆಟ್ ಉಪಚುನಾವಣೆಯಲ್ಲಿ 1,311 ಮತಗಳಿಂದ ಸೋಲು. ಆದರೆ ಹಳೆಯ ಸ್ಥಾನ ಕೈಬಿಡಲಿಲ್ಲ. 1948ರಲ್ಲಿ ಆ ಆಸರೆಯೂ ಇರಲಿಲ್ಲ. ಪ್ರತಿನಿಧಿ ಸಭೆಯ ಸ್ಥಾನವನ್ನೇ ಪಣವಿಟ್ಟು ಪಕ್ಷದ ಒಳಚುನಾವಣೆಗೆ ನಿಂತಾಗ, ಸುಮಾರು 10 ಲಕ್ಷ ಮತಗಳಲ್ಲಿ ಗೆಲುವಿನ ಅಂತರ ಕೇವಲ 87. ಅದಕ್ಕೂ ಕಳ್ಳಮತದ ಆಪಾದನೆಯ ಮಸಿ. ಅಂಥ ಅಂಚಿನಲ್ಲಿ ಒಮ್ಮೆ ನಿಂತವರು ಬರಿಗೈಯಲ್ಲಿ ಮತ್ತೊಮ್ಮೆ ಜೂಜಿಗಿಳಿಯುವುದು ಅಪರೂಪ.

1955ರಿಂದ ಜಾನ್ಸನ್ನರು ಸೆನೆಟ್ಟಿನ ಬಹುಮತ ಪಕ್ಷದ ನಾಯಕರು. 1959ರಲ್ಲಿ ಟೆಕ್ಸಸ್ ಶಾಸನಸಭೆಯು ಕಾನೂನನ್ನೇ ಅವರ ಅಳತೆಗೆ ಹೊಲಿದುಕೊಟ್ಟಿತು: ರಾಷ್ಟ್ರದ ಅಧ್ಯಕ್ಷ ಅಥವಾ ಉಪಾಧ್ಯಕ್ಷ ಪದವಿಗೆ ಸ್ಪರ್ಧಿಸುವವರು ರಾಜ್ಯದಿಂದ ಇನ್ನೊಂದು ಸ್ಥಾನಕ್ಕೂ ನಿಲ್ಲಬಹುದು. 1960ರ ಜುಲೈನಲ್ಲಿ ಅಧ್ಯಕ್ಷ ಪದವಿಯ ಅಭ್ಯರ್ಥಿತನ ಕೆನಡಿಯವರಿಗೆ ಹೋಯಿತು. ಜಾನ್ಸನ್ನರು ಎರಡನೆಯ ಪೀಠಕ್ಕೆ ಒಪ್ಪಿದರು. ಸೆನೆಟ್ ಸ್ಪರ್ಧೆಯಲ್ಲಿ ಎದುರಾಳಿ ಜಾನ್ ಟವರ್ ಎಂಬ ಕಾಲೇಜು ಅಧ್ಯಾಪಕರು. ಹೆಚ್ಚು ಹೆಸರಿಲ್ಲದ ಈ ರಿಪಬ್ಲಿಕನ್ನರಿಗೂ ನೂರಕ್ಕೆ 41 ಮತಗಳು ಬಿದ್ದವು.

ಗೆದ್ದುದು ಎರಡು, ಇಟ್ಟುಕೊಳ್ಳಲಾಗುವುದು ಒಂದು. 1961ರ ಜನವರಿ 3ರಂದು ಜಾನ್ಸನ್ನರು ಸೆನೆಟ್ ಸದಸ್ಯರಾಗಿ ಪ್ರಮಾಣ ಸ್ವೀಕರಿಸಿ, ಅಂದೇ ರಾಜೀನಾಮೆಯಿತ್ತರು. ಆದರೂ ಮನಸ್ಸು ಆ ಸಭಾಂಗಣ ಬಿಡಲೊಲ್ಲದು. ಉಪಾಧ್ಯಕ್ಷರಾದ ಮೇಲೂ ಸೆನೆಟ್ಟಿನ ತಮ್ಮ ಪಕ್ಷದ ಒಳಸಭೆಗೆ ತಾವೇ ಅಧ್ಯಕ್ಷತೆ ವಹಿಸುವ ಏರ್ಪಾಟಿಗೆ ಮುಂದಾದರು. ಸೂಚನೆಯ ಪರ 46 ಮತ, ವಿರುದ್ಧ 17. ಲೆಕ್ಕದಲ್ಲಿ ಗೆಲುವೇ ನಿಜ. ಆದರೆ ನಿನ್ನೆಯವರೆಗೆ ತಮ್ಮ ಕಣ್ಸನ್ನೆಗೆ ಕಾಯುತ್ತಿದ್ದವರಲ್ಲಿ 17 ಮಂದಿ ಬಾಗಿಲು ಮುಚ್ಚಿದುದು ಅವರಿಗೆ ನಾಟಿತು. ಸಮಮತ ಬಿದ್ದಾಗಲಷ್ಟೆ ಮತ ಹಾಕಬಲ್ಲ ಸೆನೆಟ್ಟಿನ ಪೀಠವೊಂದು ಉಳಿಯಿತು. 1963ರ ನವೆಂಬರ್ 22ರಂದು ಕೆನಡಿಯವರ ಹತ್ಯೆ ನಡೆಯದಿದ್ದರೆ ಅದೇ ಪೀಠವು ಅವರ ಬಾಳಿನ ಕಡೆಯ ಮೆಟ್ಟಿಲಾಗುತ್ತಿತ್ತೋ ಏನೋ.

ಬಿಟ್ಟುಬಂದ ಸ್ಥಾನದ ಕಥೆ ಬೇರೆ. 1961ರ ಮೇ ತಿಂಗಳಲ್ಲಿ ಟೆಕ್ಸಸ್ಸಿನ ಜನ ಅದಕ್ಕಾಗಿ ಮತ್ತೆ ಮತಗಟ್ಟೆಗೆ ಹೋಗಬೇಕಾಯಿತು. ಈ ಬಾರಿ ಗೆದ್ದವರು ಅದೇ ಟವರ್. ಅಂತರ್ಯುದ್ಧಾನಂತರದ ಪುನರ್ರಚನೆಯ ಕಾಲ ಕಳೆದ ಮೇಲೆ ಆ ರಾಜ್ಯದಿಂದ ಸೆನೆಟ್ಟಿಗೆ ಹೋದ ಮೊದಲ ರಿಪಬ್ಲಿಕನ್. ಆ ಸ್ಥಾನವನ್ನು ಅವರು ತೆರವು ಮಾಡಿದುದು 1985ರ ಜನವರಿಯಲ್ಲಿ. ಅಷ್ಟು ಹೊತ್ತಿಗೆ ಜಾನ್ಸನ್ನರು ಪೆಡರ್ನಾಲೆಸ್ ದಡದಲ್ಲಿ ಮಣ್ಣಾಗಿ ಹನ್ನೆರಡು ವರ್ಷಗಳಾಗಿದ್ದವು.