ಧಾನ್ಯದ ಸುಂಕ ತೆಗೆದು ಅಧಿಕಾರ ಕಳೆದುಕೊಂಡ ರಾಬರ್ಟ್ ಪೀಲ್

ಲಂಡನಿನ ಪೊಲೀಸರನ್ನು ಅಲ್ಲಿನ ಜನ ಈಗಲೂ ಸಲಿಗೆಯಿಂದ ಬಾಬಿ ಎಂದು ಕರೆಯುವುದುಂಟು. 1829ರಲ್ಲಿ ಆ ಪೊಲೀಸು ಪಡೆಯನ್ನು ಕಟ್ಟಿದ ಗೃಹಮಂತ್ರಿ ಸರ್ ರಾಬರ್ಟ್ ಪೀಲರ ಹೆಸರಿನ ಮೊಟಕು ರೂಪವದು. ಶಾಲೆಯ ಚರಿತ್ರೆ ಪುಸ್ತಕಗಳು ಪೀಲರನ್ನು ನೆನೆಯುವುದು ಹೆಚ್ಚಾಗಿ ಇದಕ್ಕಾಗಿಯೇ. ನಾವು ಇಂದು ನೆನೆಯುವ ಕಾರಣ ಬೇರೆ. ಹೊರದೇಶದ ಧಾನ್ಯದ ಮೇಲೆ ಸುಂಕ ಹಾಕಿದರೆ ಲಾಭ ಯಾರಿಗೆ, ಸರಕಾರ ಮಾಡಿದ ಸಾಲವನ್ನು ಕೊನೆಗೆ ತೀರಿಸುವವರು ಯಾರು, ರೊಟ್ಟಿ ಅಗ್ಗವಾದರೆ ಮಜೂರಿಯೂ ಇಳಿಯುತ್ತದೆಯೇ ಎಂಬ ಪ್ರಶ್ನೆಗಳೊಡನೆ ಅವರು ಸುಮಾರು ಮೂವತ್ತು ವರ್ಷ ಗುದ್ದಾಡಿದರು. ಅಡಿಕೆ ಮಾರಿ ಅಕ್ಕಿ ಕೊಳ್ಳುವ ನಮ್ಮ ಕಡೆಯ ಸಂಸಾರಗಳಿಗೆ ಈ ಪ್ರಶ್ನೆಗಳು ಹೊಸತಲ್ಲ. ಅಡಿಕೆಗೆ ಸುಂಕದ ಬೇಲಿ ಬೇಕು, ಅಕ್ಕಿ ಮಾತ್ರ ಎಲ್ಲಿಂದ ಬಂದರೂ ಅಗ್ಗವಾಗಿರಬೇಕು ಎಂದು ಒಂದೇ ಜಗಲಿಯಲ್ಲಿ ಕುಳಿತು ನಾವೇ ವಾದಿಸುವುದಿಲ್ಲವೇ?

ಪೀಲರು ಹುಟ್ಟಿದ್ದು 1788ರ ಫೆಬ್ರವರಿ 5ರಂದು, ಲ್ಯಾಂಕಷೈರಿನ ಬೆರಿ ಎಂಬಲ್ಲಿ. ಅಜ್ಜ ಮತ್ತು ತಂದೆ ಇಬ್ಬರೂ ಹತ್ತಿ ಬಟ್ಟೆಗೆ ಅಚ್ಚು ಹಾಕುವ ಉದ್ಯಮದಿಂದ ದೊಡ್ಡವರಾದವರು. ಆ ಬಟ್ಟೆಗೆ ಕ್ಯಾಲಿಕೊ ಎಂದು ಹೆಸರು. ನಮ್ಮ ನೆರೆಯ ಕಲ್ಲಿಕೋಟೆಯಿಂದ ಹೋದ ಹೆಸರದು. ಭಾರತದ ಅಚ್ಚಿನ ಬಟ್ಟೆ ಇಂಗ್ಲೆಂಡಿನ ಪೇಟೆಯನ್ನು ತುಂಬಿದಾಗ ಅಲ್ಲಿನ ಪಾರ್ಲಿಮೆಂಟು 1721ರಲ್ಲಿ ಅಂಥ ಬಟ್ಟೆ ಉಡುವುದನ್ನೇ ನಿಷೇಧಿಸಿತು. 1774ರಲ್ಲಿ ನಿಷೇಧ ಹೋದ ಮೇಲೂ ನಮ್ಮ ಬಟ್ಟೆಯ ಮೇಲೆ ಭಾರಿ ಸುಂಕ ಉಳಿಯಿತು. ಆ ಬೇಲಿಯ ಮರೆಯಲ್ಲಿ ಬೆಳೆದ ಉದ್ಯಮಗಳಲ್ಲಿ ಪೀಲ್ ಮನೆತನದ್ದೂ ಒಂದು. ಮುಂದೆ ಸುಂಕಗಳ ವೈರಿಯೆಂದು ಹೆಸರಾದ ಮಹನೀಯರ ಮನೆಯ ಸಂಪತ್ತಿನ ಬುಡದಲ್ಲಿ ಸುಂಕವೇ ಇತ್ತೆಂಬುದನ್ನು ಕಲ್ಲಿಕೋಟೆಯ ನೆರೆಯವರಾದ ನಾವು ಹೇಳದಿದ್ದರೆ ಇನ್ನಾರು ಹೇಳಬೇಕು!

ಹ್ಯಾರೋ ಶಾಲೆ, ಆಕ್ಸ್‌ಫರ್ಡ್ ವಿದ್ಯಾಲಯ, 1808ರಲ್ಲಿ ಪ್ರಾಚೀನ ಸಾಹಿತ್ಯ ಮತ್ತು ಗಣಿತ ಎರಡರಲ್ಲೂ ಪ್ರಥಮ ದರ್ಜೆ, ಮರುವರ್ಷವೇ ತಂದೆಯ ಪ್ರಭಾವದಿಂದ ಪಾರ್ಲಿಮೆಂಟಿನಲ್ಲಿ ಸ್ಥಾನ. ಆಗ ವಯಸ್ಸು 21. ಶ್ರೀಮಂತರ ಮಕ್ಕಳ ದಾರಿ ಆಗ ಹೀಗೆಯೇ ಇತ್ತು.

ಅವರು ಮೊದಲು ಎದುರಿಸಿದ ದೊಡ್ಡ ವಿಷಯ ಸಾಲ. ನೆಪೋಲಿಯನ್ನನೊಡನೆ ನಡೆದ ಯುದ್ಧ 1815ರಲ್ಲಿ ಮುಗಿಯುವಾಗ ಬ್ರಿಟಿಷ್ ಸರಕಾರದ ತಲೆಯ ಮೇಲೆ 80 ಕೋಟಿ ಪೌಂಡಿಗೂ ಹೆಚ್ಚು ಸಾಲವಿತ್ತು. ಸರಕಾರಕ್ಕೆ ಬರುವ ಹಣದ ಅರ್ಧದಷ್ಟು ಬಡ್ಡಿಗೇ ಹೋಗುತ್ತಿತ್ತು. ಯುದ್ಧಕಾಲದ ಆದಾಯ ತೆರಿಗೆಯನ್ನು 1816ರಲ್ಲಿ ಪಾರ್ಲಿಮೆಂಟು ಕಿತ್ತುಹಾಕಿತು. ಉಳ್ಳವರು ಹಾಗೆ ಬಿಡುಗಡೆ ಹೊಂದಿದ ಮೇಲೆ ಬಡ್ಡಿಯ ಹಣ ಎಲ್ಲಿಂದ ಬರಬೇಕು? ಉಪ್ಪು, ಸಕ್ಕರೆ, ಚಹಾ, ಬಿಯರು, ಸೋಪು, ಮೇಣದಬತ್ತಿ ಇವುಗಳ ಮೇಲಿನ ತೆರಿಗೆಯಿಂದ. ಕೂಲಿಯವನು ಚಿಟಿಕೆ ಉಪ್ಪು ಕೊಂಡಾಗಲೂ ಸರಕಾರಕ್ಕೆ ಸಾಲ ಕೊಟ್ಟ ಸಾಹುಕಾರನ ಬಡ್ಡಿಗೆ ಒಂದು ಪಾಲು ಸಲ್ಲುತ್ತಿತ್ತು.

1797ರಿಂದ ಅಲ್ಲಿ ನೋಟಿಗೆ ಬದಲು ಚಿನ್ನ ಕೊಡುವುದನ್ನು ನಿಲ್ಲಿಸಲಾಗಿತ್ತು. ನೋಟಿನ ಬೆಲೆ ಕುಸಿದು ಸಾಮಾನುಗಳ ಬೆಲೆ ಏರಿತ್ತು. 1819ರಲ್ಲಿ ಈ ಬಗ್ಗೆ ಕುಳಿತ ಸಮಿತಿಗೆ ಪೀಲರೇ ಅಧ್ಯಕ್ಷರು. ಹಳೆಯ ದರದಲ್ಲೇ ಮತ್ತೆ ಚಿನ್ನ ಕೊಡಬೇಕೆಂದು ಅವರು ಶಾಸನ ತಂದರು. ಅವರ ತಂದೆಯೇ ಅದಕ್ಕೆ ವಿರುದ್ಧವಾಗಿ ಲಂಡನಿನ ವರ್ತಕರ ಮನವಿಯನ್ನು ಸಭೆಯ ಮುಂದಿಟ್ಟರು. ತಂದೆ ಮಗ ಒಂದೇ ಸಭೆಯಲ್ಲಿ ಎದುರುಬದುರು. ತಂದೆಯ ಅಂಜಿಕೆ ಸುಳ್ಳಾಗಲಿಲ್ಲ. ಹಗುರ ನೋಟಿನಲ್ಲಿ ಎತ್ತಿದ ಸಾಲವನ್ನು ಭಾರದ ಚಿನ್ನದಲ್ಲಿ ತೀರಿಸಬೇಕಾಯಿತು. ಬೆಲೆಗಳು ಇಳಿದವು, ಸಾಲ ಮಾತ್ರ ಇಳಿಯಲಿಲ್ಲ. ಧಾನ್ಯದ ಬೆಲೆ ಏರಿದ್ದ ದಿನಗಳಲ್ಲಿ ಗೇಣಿ ಗೊತ್ತುಮಾಡಿಕೊಂಡ ಒಕ್ಕಲು ಕುಸಿದ. ಸಾಲಪತ್ರ ಹಿಡಿದವನು ಕುಳಿತಲ್ಲೇ ಬೆಳೆದ. ಹಣದ ಮೇಲಿನ ನಂಬಿಕೆ ಉಳಿಯಿತೆಂಬುದು ನಿಜ; ಆದರೆ ಅದರ ಖರ್ಚನ್ನು ಕೊಟ್ಟವರು ಅದನ್ನು ಉಂಡವರಲ್ಲ ಎಂಬುದು ನಮ್ಮ ಅಭಿಪ್ರಾಯ.

ಅದೇ ಕಾಲದ ಇನ್ನೊಂದು ಹೊರೆ ಧಾನ್ಯ ಕಾಯಿದೆ. 1815ರ ಆ ಕಾಯಿದೆಯಂತೆ ಸ್ವದೇಶದ ಗೋದಿ ಕ್ವಾರ್ಟರಿಗೆ, ಅಂದರೆ ಸುಮಾರು 218 ಕಿಲೋಗೆ, 80 ಶಿಲಿಂಗ್ ತಲಪುವವರೆಗೆ ಹೊರಗಿನ ಗೋದಿಯನ್ನು ಪೇಟೆಗೆ ಬಿಡುವಂತಿರಲಿಲ್ಲ. 1828ರಲ್ಲಿ ನಿಷೇಧದ ಬದಲು ಏರಿಳಿಯುವ ಸುಂಕ ಬಂತು. ಬೆಲೆ ಎತ್ತರದಲ್ಲಿದ್ದರೆ ಧಣಿಗಳಿಗೆ ಹೆಚ್ಚು ಗೇಣಿ. ಪಾರ್ಲಿಮೆಂಟಿನಲ್ಲಿ ಕುಳಿತವರಲ್ಲಿ ಹೆಚ್ಚಿನವರು ಧಣಿಗಳೇ. ಪೀಲರ ಪಕ್ಷವೂ ಅವರದೇ. 1841ರಲ್ಲಿ ಆ ಪಕ್ಷ ಗೆದ್ದು ಪೀಲರು ಪ್ರಧಾನಮಂತ್ರಿಯಾದದ್ದು ಈ ಕಾಯಿದೆಯನ್ನು ಉಳಿಸುವರೆಂಬ ಭರವಸೆಯ ಮೇಲೆ.

ಬೊಕ್ಕಸದಲ್ಲಿ ವರ್ಷಕ್ಕೆ 20 ಲಕ್ಷ ಪೌಂಡಿಗೂ ಮೀರಿದ ಕೊರತೆ. ಹಿಂದಿನ ಮಂತ್ರಿಗಳು ಸುಂಕಗಳನ್ನು ಏರಿಸಿ ನೋಡಿದ್ದರು. ಜನ ಕೊಳ್ಳುವುದನ್ನೇ ಕಡಮೆ ಮಾಡಿದ್ದರಿಂದ ನಿರೀಕ್ಷಿಸಿದ ಹಣ ಬರಲಿಲ್ಲ. ಪೀಲರು 1842ರಲ್ಲಿ ಲೆಕ್ಕವನ್ನೇ ತಿರುಗಿಸಿದರು. ವರ್ಷಕ್ಕೆ 150 ಪೌಂಡಿಗಿಂತ ಹೆಚ್ಚು ಆದಾಯವಿದ್ದವರಿಂದ ಪೌಂಡಿಗೆ 7 ಪೆನ್ನಿಯಂತೆ, ಅಂದರೆ ನೂರಕ್ಕೆ ಮೂರರಷ್ಟು, ತೆರಿಗೆ. ಕೂಲಿಕಾರರಾರೂ ಅದರ ಹತ್ತಿರ ಬರುವವರಲ್ಲ. ಆ ಹಣದ ಧೈರ್ಯದಿಂದ ಸುಮಾರು 1200 ಸರಕುಗಳ ಸುಂಕದ ಪಟ್ಟಿಯಲ್ಲಿ 750ರಷ್ಟನ್ನು ಇಳಿಸಿದರು. 1845ರಲ್ಲಿ ಹತ್ತಿಯೂ ಸೇರಿ ಇನ್ನೂ 430 ಸರಕುಗಳ ಸುಂಕ ಪೂರ್ತಿ ಹೋಯಿತು. ನಡುವೆ 1844ರಲ್ಲಿ ಅವರ ಅರ್ಥಮಂತ್ರಿ ಗೌಲ್ಬರ್ನ್ ಸುಮಾರು 25 ಕೋಟಿ ಪೌಂಡ್ ಸಾಲದ ಬಡ್ಡಿಯನ್ನು ಮೂರೂವರೆಯಿಂದ ಮೂರೂಕಾಲಕ್ಕೆ ತಂದು, ಹತ್ತು ವರ್ಷದ ಬಳಿಕ ಮೂರಕ್ಕೆ ಇಳಿಯುವಂತೆ ಮಾಡಿದರು. ಬೊಕ್ಕಸ ನೆಟ್ಟಗಿದೆಯೆಂದು ಕಂಡಾಗ ಸಾಲ ಕೊಟ್ಟವರು ಕಡಮೆ ಬಡ್ಡಿಗೂ ಒಪ್ಪುತ್ತಾರೆ. ಆದಾಯ ತೆರಿಗೆ ಮೂರೇ ವರ್ಷಕ್ಕೆ ಎಂದು ಹೇಳಲಾಗಿತ್ತು. ಅದು ಅಲ್ಲಿ ಇನ್ನೂ ಹೋಗಿಲ್ಲ!

ಇನ್ನು ಮಜೂರಿಯ ಪ್ರಶ್ನೆ. ರೊಟ್ಟಿ ಅಗ್ಗವಾದರೆ ಗಿರಣಿ ಮಾಲಕರು ಕೂಲಿ ಇಳಿಸುತ್ತಾರೆ, ಆದ್ದರಿಂದ ಸುಂಕ ತೆಗೆದರೂ ಬಡವನಿಗೆ ಏನೂ ದಕ್ಕದು ಎಂಬುದು ಧಣಿಗಳ ವಾದ. ಕಾರ್ಮಿಕ ಮುಂದಾಳುಗಳಲ್ಲಿ ಹಲವರಿಗೂ ಇದೇ ಸಂಶಯವಿತ್ತು. ಪೀಲರೂ ಬಹುಕಾಲ ಹೀಗೆಯೇ ನಂಬಿದ್ದರು. ಆದರೆ ಅವರು ಅಂಕಿಗಳನ್ನು ನೋಡುವ ಮನುಷ್ಯ. 1839ರಲ್ಲಿ ಗೋದಿ 70 ಶಿಲಿಂಗ್ ದಾಟಿತ್ತು, 1841ರಲ್ಲೂ 64 ಇತ್ತು. ಆ ದುಬಾರಿ ದಿನಗಳಲ್ಲಿ ಮಜೂರಿ ಏರಿತೇ? ಇಲ್ಲ. ಗಿರಣಿಗಳು ನಿಂತವು, ಕೂಲಿ ಕಡಿತವಾಯಿತು. 1842ರ ಬೇಸಗೆಯಲ್ಲಿ ಲ್ಯಾಂಕಷೈರಿನ ಕಾರ್ಮಿಕರು ಬಾಯ್ಲರುಗಳ ಬಿರಡೆ ಕಿತ್ತು ಯಂತ್ರಗಳನ್ನು ನಿಲ್ಲಿಸಿದರು. ಮುಂದಿನ ಮೂರು ವರ್ಷ ಗೋದಿ 50 ಶಿಲಿಂಗಿನ ಆಸುಪಾಸಿನಲ್ಲಿತ್ತು. ಆಗ ಕೂಲಿ ಇಳಿಯಲಿಲ್ಲ, ಕೆಲಸ ಹೆಚ್ಚಿತು. ಒಳ್ಳೆಯ ಬೆಳೆ, ಹೊಸ ರೈಲು ದಾರಿಗಳ ಕೆಲಸ ಇವೂ ಅದಕ್ಕೆ ಕಾರಣವೆನ್ನಬೇಕು. ಆದರೂ ನಡೆದದ್ದು ಸ್ಪಷ್ಟವಿತ್ತು: ರೊಟ್ಟಿಗೆ ಕೊಟ್ಟು ಉಳಿದ ಕಾಸಿನಲ್ಲಿ ಸಂಸಾರವೊಂದು ಅಂಗಿ ಕೊಂಡರೆ ಅಂಗಿ ನೇಯುವವನಿಗೆ ಕೆಲಸ ಸಿಗುತ್ತದೆ. 1846ರ ಜನವರಿಯಲ್ಲಿ ಪೀಲರು ತುಂಬಿದ ಸಭೆಯಲ್ಲಿ ನಿಂತು, ಮಜೂರಿ ಆಹಾರದ ಬೆಲೆಯನ್ನು ಹಿಂಬಾಲಿಸುತ್ತದೆಂಬ ತಮ್ಮ ಹಳೆಯ ನಂಬಿಕೆ ತಪ್ಪೆಂದು ಒಪ್ಪಿಕೊಂಡರು.

ಅಷ್ಟರಲ್ಲಿ ಐರ್ಲೆಂಡಿನಿಂದ ಕೆಟ್ಟ ಸುದ್ದಿ ಬಂದಿತ್ತು. 1845ರ ಶರತ್ಕಾಲದಲ್ಲಿ ಬಟಾಟೆ ಗದ್ದೆಯಲ್ಲೇ ಕೊಳೆಯಿತು. ಬಟಾಟೆಯೊಂದನ್ನೇ ತಿಂದು ಬದುಕುವ ಲಕ್ಷಾಂತರ ಜನ ಅಲ್ಲಿದ್ದರು. ಪೀಲರು ಗುಟ್ಟಾಗಿ 1 ಲಕ್ಷ ಪೌಂಡಿನ ಮೆಕ್ಕೆಜೋಳವನ್ನು ಅಮೆರಿಕದಿಂದ ತರಿಸಿದರು, ಕೂಲಿ ಸಿಗಲೆಂದು ಸರಕಾರಿ ಕಾಮಗಾರಿ ತೆರೆದರು. ಹಸಿದವರಿಗೆ ಅನ್ನ ತರಬೇಕಾದ ವೇಳೆಯಲ್ಲಿ ಬಂದರಿನಲ್ಲಿ ಸುಂಕದ ಗೇಟು ಹಾಕಿ ಕುಳಿತಿರುವುದು ಅವರಿಗೆ ಅಸಾಧ್ಯವೆನಿಸಿತು. ಡಿಸೆಂಬರಿನಲ್ಲಿ ರಾಜೀನಾಮೆ ಇತ್ತರು. ಎದುರು ಪಕ್ಷದವರಿಗೆ ಮಂತ್ರಿಮಂಡಲ ಕಟ್ಟಲಾಗದೆ ಮತ್ತೆ ಇವರೇ ಬಂದರು.

ಸ್ವಪಕ್ಷದವರು, ಅದರಲ್ಲೂ ಡಿಸ್ರೇಲಿ, ತಿಂಗಳುಗಟ್ಟಲೆ ಅವರನ್ನು ದ್ರೋಹಿಯೆಂದು ಹೀಯಾಳಿಸಿದರು. ಧಣಿಗಳ ಓಟು ಪಡೆದು ಧಣಿಗಳ ಕಾಯಿದೆಯನ್ನೇ ಮುರಿದವರನ್ನು ಬೇರೇನೆಂದು ಕರೆಯಬೇಕು ಎಂಬ ಅವರ ಸಿಟ್ಟಿನಲ್ಲಿ ನ್ಯಾಯವಿಲ್ಲದೆ ಇಲ್ಲ. ಮೇ 15ರಂದು ಕಾಮನ್ಸ್ ಸಭೆಯಲ್ಲಿ ಮಸೂದೆ 327ಕ್ಕೆ 229 ಮತಗಳಿಂದ ಗೆದ್ದಿತು. ಪೀಲರ ಪಕ್ಷದಲ್ಲಿ ಮೂರನೆಯ ಎರಡು ಪಾಲು ಜನ ವಿರುದ್ಧ. ಜೂನ್ 25ರಂದು ಪ್ರಭುಗಳ ಸಭೆ ಒಪ್ಪಿತು. ಅದೇ ರಾತ್ರಿ ಐರ್ಲೆಂಡಿನ ಇನ್ನೊಂದು ಮಸೂದೆಯಲ್ಲಿ ಎಲ್ಲ ವಿರೋಧಿಗಳೂ ಕೂಡಿ ಪೀಲರನ್ನು ಸೋಲಿಸಿದರು. ನಾಲ್ಕು ದಿನಗಳಲ್ಲಿ ಅಧಿಕಾರ ಮುಗಿಯಿತು.

ಐರ್ಲೆಂಡು ಇದರಿಂದ ಉಳಿಯಲಿಲ್ಲ. ಕೈಯಲ್ಲಿ ಕಾಸೇ ಇಲ್ಲದವನಿಗೆ ಅಗ್ಗದ ಗೋದಿಯೂ ದುಬಾರಿಯೇ. ಮುಂದಿನ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಅಲ್ಲಿ ಹಸಿವು, ಜ್ವರಗಳಿಂದ ಸತ್ತರು. ಇಂಗ್ಲೆಂಡಿನಲ್ಲೂ ಬೆಲೆ ಒಮ್ಮೆಗೇ ಇಳಿಯಲಿಲ್ಲ. 1847ರಲ್ಲಿ ಯುರೋಪಿನ ಬೆಳೆಯೇ ಕೆಟ್ಟು ಸರಾಸರಿ 70 ಶಿಲಿಂಗಿನ ಸಮೀಪಕ್ಕೆ ಏರಿತು. 1849ರ ಫೆಬ್ರವರಿಯಿಂದ ಸುಂಕ ಬರಿಯ 1 ಶಿಲಿಂಗಿಗೆ ನಿಂತಿತು, 1850ರಲ್ಲಿ ಗೋದಿ 40ಕ್ಕೆ ಬಂತು.

ಆ ವರ್ಷ ಜೂನ್ 29ರಂದು ಲಂಡನಿನ ಕಾನ್‌ಸ್ಟಿಟ್ಯೂಶನ್ ಹಿಲ್ ರಸ್ತೆಯಲ್ಲಿ ಪೀಲರು ಕುದುರೆಯಿಂದ ಬಿದ್ದರು. ಕುದುರೆಯೂ ಅವರ ಮೇಲೆಯೇ ಬಿತ್ತು. ಜುಲೈ 2ರಂದು, 62ನೆಯ ವಯಸ್ಸಿನಲ್ಲಿ, ತೀರಿಕೊಂಡರು. ತನ್ನ ಸೇವೆಗೆ ಪ್ರತಿಫಲವೆಂದು ಯಾವ ಬಿರುದನ್ನೂ ಸ್ವೀಕರಿಸಬಾರದೆಂದು ಮನೆಯವರಿಗೆ ಬರೆದಿಟ್ಟಿದ್ದರು. ಸರಕಾರಿ ಮರ್ಯಾದೆಯಿಲ್ಲದೆ ಹಳ್ಳಿಯ ಇಗರ್ಜಿಯಲ್ಲಿ ಅವರನ್ನು ಮಣ್ಣು ಮಾಡಿದರು. ಗಿರಣಿಯ ಊರುಗಳಲ್ಲಿ ಕೂಲಿಕಾರರು ತಲೆಗೊಂದು ಪೆನ್ನಿಯಂತೆ ಅವರ ಸ್ಮಾರಕಕ್ಕೆ ಹಣ ಕೂಡಿಸಿದರು. ಹುಟ್ಟೂರಾದ ಬೆರಿಯಲ್ಲಿ ಅವರ ಪ್ರತಿಮೆ 1852ರಲ್ಲಿ ಎದ್ದು ನಿಂತಿತು.